ಯಾವ ಮನೆಯೂ ಒಣಗಬಾರದು

ಎಲ್ಲರೂ ಒಟ್ಟಿಗೆ ಗೆಲ್ಲುವ ಆಟ ಎಂದಾಗ ನನಗೆ ಮೊದಲು ನಗು ಬಂತು. ನಾನು ಚೌಕಾಬಾರದ ಮನೆಯಲ್ಲಿ ಹುಟ್ಟಿದವಳು. ನಮ್ಮಮ್ಮ ಕವಡೆ ಕೈಗೆ ತಗೊಂಡಳೆಂದರೆ ಹೆತ್ತ ಮಗಳು, ಮನೆಗೆ ಬಂದ ನೆಂಟರು ಅಂತೆಲ್ಲ ನೋಡುತ್ತಿರಲಿಲ್ಲ. ಹಣ್ಣಾಗಲು ಒಂದೇ ಮನೆ ಬಾಕಿ ಇರುವ ಕಾಯಿಯನ್ನು ಕಡಿದು, "ಆಟ ಅಂದ್ರೆ ಆಟ" ಅನ್ನುತ್ತಿದ್ದಳು. ನಾನು ಅತ್ತರೆ ಇನ್ನೊಂದು ಕಾಯಿ ಕಡಿಯುತ್ತಿದ್ದಳು. ಹಾಗೆ ಆಡಿ ಬೆಳೆದವಳಿಗೆ ಎಲ್ಲರೂ ಗೆಲ್ಲುವುದು ಅಂದರೆ ಉಪ್ಪಿಲ್ಲದ ಸಾರು.

ಅದು ಎರಡು ಸಾವಿರದ ಆಸುಪಾಸು. ಬಸವನಗುಡಿಯ ಒಂದು ಸಭಾಂಗಣದಲ್ಲಿ ಶಾಲಾ ಟೀಚರುಗಳಿಗೆ ಎರಡು ದಿನದ ಶಿಬಿರವಿತ್ತು. ಶಿಬಿರ ನಡೆಸುತ್ತಿದ್ದ ಮೇಡಂ ನೆಲದ ಮೇಲೆ ಕಾಡಿನ ಚಿತ್ರ ಬರೆದ ಒಂದು ರಟ್ಟು ಹಾಸಿ, "ಈ ಆಟದಲ್ಲಿ ಒಬ್ಬರೇ ಗೆಲ್ಲೋಕಾಗಲ್ಲ. ಗೆದ್ರೆ ಎಲ್ರೂ, ಸೋತ್ರೆ ಎಲ್ರೂ" ಅಂದರು. ನಾನು ಪಕ್ಕದವಳ ಕಿವಿಯಲ್ಲಿ "ಹಾಗಾದ್ರೆ ಆಡೋದ್ಯಾಕೆ?" ಅಂದೆ. ನನ್ನ ಪಿಸುಮಾತು ಯಾವತ್ತೂ ಪಿಸುಮಾತಾಗಿದ್ದಿಲ್ಲ. ಮೇಡಂಗೆ ಕೇಳಿಸಿ, "ಬನ್ನಿ, ನೀವೇ ಮೊದಲು ಕೂತ್ಕೊಳ್ಳಿ" ಅಂದರು. ಅರ್ಧ ಗಂಟೆಯಲ್ಲಿ ನಾವು ಆರು ಜನ ಟೀಚರುಗಳು ಸೇರಿ ಒಂದು ಕಾಡನ್ನು ಬೋಳು ಮಾಡಿ ಕೂತಿದ್ದೆವು. ಯಾರಿಗೂ ಹಾಳು ಮಾಡುವ ಉದ್ದೇಶವಿರಲಿಲ್ಲ, ನಮ್ಮ ನಮ್ಮ ಪಾಲಿನ ಸೌದೆ ನಾವು ತಗೊಂಡಿದ್ದೆವು ಅಷ್ಟೇ. ಮನೆಗೆ ನಡೆದು ಬರುವಾಗ ದಾರಿಯುದ್ದಕ್ಕೂ ಅದೇ ತಲೆ ಕೊರೆಯುತ್ತಿತ್ತು.

ಆ ವಾರವೇ ನಾನೂ ಒಂದು ಆಟ ಮಾಡಿದೆ. ಕಾಡು ನಾನು ಕಂಡಿದ್ದಿಲ್ಲ. ನನಗೆ ಗೊತ್ತಿದ್ದದ್ದು ದಿನ ಬಿಟ್ಟು ದಿನ ಬರುವ ನಲ್ಲಿ ನೀರು, ಬಿಂದಿಗೆ, ಮತ್ತು ಮೆಜೆಸ್ಟಿಕ್ ಬಸ್ ಸ್ಟ್ಯಾಂಡ್ ಇರುವ ಜಾಗ ಒಂದು ಕಾಲದಲ್ಲಿ ಕೆರೆಯಾಗಿತ್ತು ಎನ್ನುವ ಮಾತು. ಹಳೆಯ ಗೋಡೆ ಕ್ಯಾಲೆಂಡರಿನ ಹಿಂಬದಿಯಲ್ಲಿ ಆರು ಮನೆ ಬರೆದೆ. ನಡುವೆ ಇಟ್ಟ ಸ್ಟೀಲ್ ತಟ್ಟೆಯೇ ಕೆರೆ, ಅದರ ತುಂಬ ಹುಣಸೆಬೀಜ, ಅದೇ ನೀರು. ಒಂದು ಸುತ್ತು ಅಂದರೆ ಒಂದು ತಿಂಗಳು. ತಿಂಗಳಿಗೆ ಒಂದು ಮನೆ ಮೂರು ಬೀಜದವರೆಗೆ ತಗೊಳ್ಳಬಹುದು. ಕವಡೆ ಎಸೆದರೆ ಎಷ್ಟು ಬಾಯಿ ಮೇಲೆ ಬೀಳುತ್ತದೋ ಅಷ್ಟು ಬೀಜದ ಮಳೆ. ಜೊತೆಗೆ ಒಂದಿಷ್ಟು ಚೀಟಿ: 'ಕೆರೆ ಅಂಗಳದಲ್ಲಿ ಲೇಔಟ್ ಎದ್ದಿತು, ಐದು ಬೀಜ ತೆಗೆಯಿರಿ', 'ಬಣ್ಣದ ಕಾರ್ಖಾನೆಯ ನೀರು ಸೇರಿತು, ನಾಲ್ಕು ತೆಗೆಯಿರಿ'. ಹನ್ನೆರಡು ತಿಂಗಳು ಕಳೆದ ಮೇಲೂ ತಟ್ಟೆಯಲ್ಲಿ ಒಂದೇ ಒಂದು ಬೀಜ ಉಳಿದಿದ್ದರೆ ಊರಿಗೆ ಊರೇ ಗೆದ್ದ ಹಾಗೆ.

ಚಾಮರಾಜಪೇಟೆಯ ಒಂದು ಕನ್ನಡ ಮೀಡಿಯಂ ಶಾಲೆಯಲ್ಲಿ ನನಗೆ ಕೆಲಸ. ಆರನೇ ಕ್ಲಾಸಿನ ಹುಡುಗಿಯರಿಗೆ ಆಡಿಸಿದೆ. ಎರಡು ದಿನ ಊರು ಸೋತಿತು. ಮೂರನೇ ದಿನ, ಒಂಬತ್ತನೇ ತಿಂಗಳಿಗೆ ತಟ್ಟೆಯ ತಳ ಕಾಣತೊಡಗಿದಾಗ, ಆರನೇ ಮನೆಯ ಹುಡುಗಿ ತನ್ನ ಬೀಜಗಳನ್ನು ವಾಪಸ್ಸು ತಟ್ಟೆಗೆ ಸುರಿದಳು. ಅವಳ ಅಪ್ಪ ಅಮ್ಮ ತಳ್ಳುಗಾಡಿಯಲ್ಲಿ ಸೊಪ್ಪು ಮಾರುವವರು. ತಾತನ ಕಾಲದಲ್ಲಿ ಒಂದು ಕೆರೆಯ ಕೆಳಗೆ ಇವರದೇ ಸೊಪ್ಪಿನ ಮಡಿಗಳಿದ್ದವಂತೆ. ಕೆರೆ ಹೋಗಿ ಸೈಟುಗಳಾದವು, ಇವರ ಪಾಲಿಗೆ ಗಾಡಿ ಉಳಿಯಿತು.

"ನಮ್ಮನೆಗೆ ಬೇಡ ಮಿಸ್," ಅಂದಳು. "ನಾವು ಹೇಗೋ ಮಾಡ್ಕೋತೀವಿ."

ಉಳಿದ ಐದು ಮನೆಯವರು "ಥ್ಯಾಂಕ್ಸ್ ಕಣೆ" ಅಂತ ಹೇಳಿ ಮುಂದಿನ ಮೂರು ತಿಂಗಳೂ ಕುಡಿದರು. ಊರು ಗೆದ್ದಿತು. ಚಪ್ಪಾಳೆಯೋ ಚಪ್ಪಾಳೆ. ಆ ಹುಡುಗಿಯೂ ತಟ್ಟಿದಳು, ನಾನೂ ತಟ್ಟಿದೆ. 'ಮಕ್ಕಳಲ್ಲಿ ಸಹಕಾರ ಮನೋಭಾವ ಚೆನ್ನಾಗಿ ಮೂಡಿದೆ' ಎಂದು ಶಿಬಿರದ ಮೇಡಂಗೆ ಮುತ್ತಿನಂಥ ಅಕ್ಷರದಲ್ಲಿ ಕಾಗದ ಬರೆದೆ.

ಮೇಡಂ ಆಟ ನೋಡಲು ಶಾಲೆಗೇ ಬಂದರು. ಅವತ್ತೂ ಆ ಹುಡುಗಿ ತನ್ನ ಬೀಜಗಳನ್ನು ವಾಪಸ್ಸು ಸುರಿದಳು, ಊರು ಗೆದ್ದಿತು. ಗೆದ್ದು ಕುಣಿಯುತ್ತಿದ್ದ ಮಕ್ಕಳನ್ನು, "ಈ ಊರಲ್ಲಿ ಮೂರು ತಿಂಗಳು ನೀರೇ ಕುಡೀದೆ ಇದ್ದೋರು ಯಾರು?" ಎಂದು ಕೇಳಿದರು. ಎಲ್ಲರ ಬೆರಳೂ ಆ ಹುಡುಗಿಯ ಕಡೆ ಹೋಯಿತು. "ಮತ್ತೆ ಅವಳೂ ಗೆದ್ದಳಾ?" ಅಂದರು. ನನ್ನ ಮುಖ ಎಲ್ಲಿಡಲಿ ಅಂತ ಗೊತ್ತಾಗಲಿಲ್ಲ. ಹತ್ತು ವರ್ಷ ಪಾಠ ಮಾಡಿದ ನನಗೆ ಅದು ಹೊಳೆದೇ ಇರಲಿಲ್ಲ. ಅವತ್ತೇ ಕ್ಯಾಲೆಂಡರಿನ ಮೇಲೆ ಕೆಂಪು ಶಾಯಿಯಲ್ಲಿ ಹೊಸ ನಿಯಮ ಬರೆದೆ: ಯಾವ ಮನೆಯೂ ಒಣಗಬಾರದು. ಒಂದು ಮನೆ ಒಣಗಿದರೂ ಊರು ಸೋತ ಹಾಗೆ.

ಹೊರಡುವಾಗ ಮೇಡಂ ಗೇಟಿನ ಹತ್ತಿರ ನಿಂತು, "ಮೈಸೂರಲ್ಲಿ ಮೂರು ತಿಂಗಳ ತರಬೇತಿ ಇದೆ. ಅಲ್ಲೇ ಇದ್ದು ಆಟಗಳನ್ನ ಮಾಡೋದು ಕಲೀಬೇಕು. ಆಮೇಲೆ ಶಾಲೆ ಶಾಲೆಗೆ ತಗೊಂಡು ಹೋಗೋ ಕೆಲಸ. ನೀವು ಬರ್ಬೇಕು ಅಂತ ನನಗಾಸೆ" ಅಂದರು. ಫಾರಂ ಕೊಟ್ಟರು. ಮುಂದಿನ ಶುಕ್ರವಾರ ಸಂಜೆ ನಾಲ್ಕರೊಳಗೆ ಮಲ್ಲೇಶ್ವರದ ಅವರ ಆಫೀಸಿಗೆ ತಲುಪಿಸಬೇಕು. ನಮ್ಮ ಹೆಡ್‌ಮಿಸ್ ಕೂಡ "ಹೋಗಿ, ರಜೆ ನಾನು ನೋಡ್ಕೋತೀನಿ" ಅಂದರು. ನನಗೆ ಆಗ ಮೂವತ್ತೈದು. ನನ್ನನ್ನು ಯಾರಾದರೂ ಎಲ್ಲಿಗಾದರೂ ಬಾ ಎಂದು ಕರೆದದ್ದು ಅದೇ ಮೊದಲು. ಹೋಗಬೇಕು ಅಂತ ತುಂಬ ಆಸೆಯಾಯಿತು, ಹೋಗುವ ದಾರಿ ಮಾತ್ರ ಕಾಣಲಿಲ್ಲ.

ಯಾಕೆಂದರೆ ಮನೆಯಲ್ಲಿ ಅಮ್ಮ ಇದ್ದಳು.

ಅಮ್ಮನಿಗೆ ಎಡಭಾಗಕ್ಕೆ ಲಕ್ವ ಹೊಡೆದು ನಾಲ್ಕು ವರ್ಷವಾಗಿತ್ತು. ಚಾಮರಾಜಪೇಟೆಯ ವಠಾರದಲ್ಲಿ ನಮ್ಮದು ಎರಡು ಕೋಣೆ, ಒಂದು ನಡುಮನೆ. ನಡುಮನೆಯಲ್ಲಿ ಅಮ್ಮನ ಮಂಚ, ಮಂಚದ ಪಕ್ಕ ನನ್ನ ಚಾಪೆ. ಒಂದು ಕೋಣೆ ಅಣ್ಣ ಅತ್ತಿಗೆಯದು, ಇನ್ನೊಂದರಲ್ಲಿ ಅವರ ಹತ್ತು ವರ್ಷದ ಮಗಳು ಮತ್ತು ಅಕ್ಕಿ ಡಬ್ಬಗಳು. ಬೆಳಿಗ್ಗೆ ಬಾಯ್ಲರಿಗೆ ತೆಂಗಿನ ಚಿಪ್ಪು ಹಾಕಿ ನೀರು ಕಾಯಿಸಿ, ಅಮ್ಮನನ್ನು ಭುಜಕ್ಕೆ ಒರಗಿಸಿಕೊಂಡು ಬಚ್ಚಲಿಗೆ ನಡೆಸಿ, ಸ್ನಾನ ಮಾಡಿಸಿ, ಸೀರೆ ಉಡಿಸಿ, ಇಡ್ಲಿ ಹಿಸುಕಿ ತಿನ್ನಿಸಿ, ಶಾಲೆಗೆ ಓಟ. ಮಧ್ಯಾಹ್ನ ಊಟ ಮಾಡಿಸಲು ವಾಪಸ್ಸು ಓಟ. ಸಂಜೆ ಎಣ್ಣೆ ಹಚ್ಚಿ ಕೈಕಾಲು ನೀವುವುದು. ನಾಲ್ಕು ವರ್ಷದಲ್ಲಿ ಒಂದು ಮದುವೆಗೆ ಉಳಿದು ಬಂದವಳಲ್ಲ. ಊಟ, ಮಾತ್ರೆ ಅತ್ತಿಗೆ ಕೊಟ್ಟರೆ ಅಮ್ಮ ಬೇಡವೆನ್ನುತ್ತಿರಲಿಲ್ಲ. ಆದರೆ ಮೈಮೇಲಿನ ಸೀರೆ ಬಿಚ್ಚುವ ಕೆಲಸ ಮಾತ್ರ ನನ್ನೊಬ್ಬಳದೇ. ಒಮ್ಮೆ ನನಗೆ ಜ್ವರ ಬಂದಾಗ ಒಬ್ಬ ಆಯಾಳನ್ನು ಕರೆಸಿದ್ದೆವು. ಎರಡನೇ ದಿನವೇ ಅಮ್ಮ ಅವಳ ಮೇಲೆ ಚೊಂಬು ಎಸೆದಳು.

ನೋಡಲು ಬಂದವರೆಲ್ಲ ಅಮ್ಮನಿಗೆ ಒಂದೇ ಮಾತು ಹೇಳುತ್ತಿದ್ದರು: "ನೀವು ಪುಣ್ಯ ಮಾಡಿದೀರಿ ಕಣ್ರೀ, ಇಂಥ ಮಗಳನ್ನ ಪಡೆಯೋಕೆ." ಬಂದವರು ಕಾಫಿ ಕುಡಿದು, ಹೊರಗಿನಿಂದ ಬೀಗ ಹಾಕಿಕೊಂಡು ಹೋದ ಹಾಗೆ ಆಗುತ್ತಿತ್ತು ನನಗೆ. ಅಮ್ಮನ ಮೇಲೆ ಪ್ರೀತಿ ಇರಲಿಲ್ಲವೇ ಅಂದರೆ, ಇತ್ತು, ಅದೇ ತಾಪತ್ರಯ. ಬಿಸಿತುಪ್ಪ ಬಾಯಲ್ಲಿಟ್ಟುಕೊಂಡವಳ ಸ್ಥಿತಿ, ಉಗುಳಲಾರೆ, ನುಂಗಲಾರೆ.

ಮೈಸೂರಿನ ಮಾತನ್ನು ಬಾಯಿಬಿಟ್ಟು ಕೇಳಲು ನನಗೆ ಧೈರ್ಯ ಸಾಲಲಿಲ್ಲ. ಹಾಗಾಗಿ ಒಂದು ಉಪಾಯ ಮಾಡಿದೆ. ಭಾನುವಾರ ಮಧ್ಯಾಹ್ನ ಊಟ ಆದ ಮೇಲೆ ನಡುಮನೆಯಲ್ಲಿ ಕ್ಯಾಲೆಂಡರ್ ಹಾಸಿದೆ. ಮೊದಲು ಆಟದಲ್ಲಿ ಹಂಚಿಕೊಳ್ಳುವುದು ಬರಲಿ, ಆಮೇಲೆ ನನ್ನ ಕೆಲಸ ಹಂಚಿಕೊಳ್ಳಿ ಎಂದು ಕೇಳಬಹುದು ಎಂಬ ಲೆಕ್ಕ. ಹೊಸ ಹಾಳೆಯಲ್ಲಿ ನಾಲ್ಕು ಮನೆ ಬರೆದಿದ್ದೆ: ಅಣ್ಣ, ಅತ್ತಿಗೆ, ಮಗು, ನಾನು. ಅಮ್ಮನ ಬಲಗೈ ಚೆನ್ನಾಗಿತ್ತಲ್ಲ, ಅವಳನ್ನು ದಿಂಬಿಗೆ ಒರಗಿಸಿ ಕೂರಿಸಿ ಕವಡೆ ಅವಳಿಗೆ ಕೊಟ್ಟೆ. "ಮಳೆ ಸುರಿಸೋದು ನಿನ್ ಕೆಲಸ" ಅಂದೆ. ಕವಡೆ ಕೈಗೆ ಬಂದ ಖುಷಿಗೆ ಅವಳು ಏನೂ ಕೇಳಲಿಲ್ಲ.

ಅಣ್ಣ ತರಗುಪೇಟೆಯ ಬೇಳೆ ಮಂಡಿಯಲ್ಲಿ ಗುಮಾಸ್ತ. ವಾರವಿಡೀ ವ್ಯಾಪಾರಿಗಳ ನಡುವೆ ಇದ್ದು ಇದ್ದು ಅವನಿಗೂ ಅದೇ ಗಾಳಿ. ಮೊದಲನೇ ತಿಂಗಳೇ ಮೂರು ಬೀಜ ಎತ್ತಿಕೊಂಡ. ಅತ್ತಿಗೆಯೂ ಮೂರು. ಒಂಬತ್ತನೇ ತಿಂಗಳಿಗೆ ಕೆರೆ ಬತ್ತತೊಡಗಿತು. ಯಾರೂ ಏನೂ ಅನ್ನುವ ಮುಂಚೆ ನನ್ನ ಕೈ ತಾನಾಗಿ ಮುಂದೆ ಹೋಗಿ ನನ್ನ ಬೀಜಗಳನ್ನು ತಟ್ಟೆಗೆ ಸುರಿಯಿತು.

"ಅತ್ತೆ, ರೂಲ್ಸು," ಅಂತು ಮಗು. "ನಿಮ್ಮನೆ ಒಣಗೋಯ್ತು. ಎಲ್ರೂ ಸೋತ್ವಿ."

ಕೆಂಪು ಶಾಯಿಯಲ್ಲಿ ಆ ನಿಯಮ ಬರೆದವಳೇ ನಾನು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತಾರಲ್ಲ, ಹಾಗಾಯಿತು ನನ್ನ ಕಥೆ.

ಎರಡನೇ ಆಟವೂ ಸೋತೆವು. ಮೂರನೆಯದಕ್ಕೆ ಮಗು ಮಂಡಿಯೂರಿ ಕೂತು, "ಎಲ್ರೂ ಮೊದಲನೇ ತಿಂಗಳಿಂದ್ಲೇ ಒಂದೊಂದು ಕಮ್ಮಿ ತಗೊಂಡ್ರೆ?" ಅಂತು.

"ತಟ್ಟೆ ತುಂಬ ಇರೋವಾಗ ಯಾಕೆ ಬಿಡ್ಬೇಕು?" ಅಂದ ಅಣ್ಣ. "ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ."

"ಒಂದ್ಸಲ ಮಗು ಹೇಳ್ದಂಗೆ ಆಡಿ ನೋಡೋಣ, ನಿಮ್ಮ ಗಂಟೇನು ಹೋಗುತ್ತೆ," ಅಂದರು ಅತ್ತಿಗೆ.

ಆಡಿದೆವು. ಅಣ್ಣನ ಕೈ ಎರಡು ಸಲ ಮೂರನೇ ಬೀಜದ ಮೇಲೆ ಹೋಗಿ, ಮಗಳ ಮುಖ ನೋಡಿ ಹಿಂದಕ್ಕೆ ಬಂತು. ಹನ್ನೊಂದನೇ ತಿಂಗಳಲ್ಲಿ ಅಮ್ಮ ಕವಡೆಯನ್ನು ಊದಿ ಎಸೆದಳು, ನಾಲ್ಕು ಬಾಯಿ ಬಿತ್ತು. ಹನ್ನೆರಡನೆಯದು ಮುಗಿದಾಗ ತಟ್ಟೆಯಲ್ಲಿ ಎರಡು ಬೀಜ ಇದ್ದವು. ಅಣ್ಣ ತೊಡೆ ತಟ್ಟಿ ನಕ್ಕ. ಮಂಚದ ಮೇಲೆ ಅಮ್ಮನೂ ನಕ್ಕಳು. ಅವಳ ಬಾಯಿ ಸೊಟ್ಟಗಾಗಿದ್ದರೂ ನಗು ನೆಟ್ಟಗಿತ್ತು. ನಾನು ಇದೇ ಸಮಯ ಅಂದುಕೊಂಡು ಮೈಸೂರಿನ ವಿಷಯ ಹೇಳಿದೆ. ಮೂರು ತಿಂಗಳು. ಶುಕ್ರವಾರದೊಳಗೆ ಫಾರಂ ಕೊಡಬೇಕು. ನೀವೆಲ್ಲ ಒಂದೊಂದು ಪಾಲು ತಗೊಂಡರೆ ನಾನು ಹೋಗಬಹುದು.

ಅಣ್ಣ ಹುಬ್ಬು ಗಂಟಿಕ್ಕಿದ. ಮಾತಾಡಿದ್ದು ಅತ್ತಿಗೆ.

"ಮೂರು ತಿಂಗಳು ತಾನೆ, ಹೋಗ್ಬಾ. ನಾಲ್ಕು ವರ್ಷದಿಂದ ನೀನೊಬ್ಳೇ ಒದ್ದಾಡ್ತಿದೀಯ. ನನ್ ಕಣ್ಣಿಗೂ ಕಾಣುತ್ತೆ. ಬೆಳಗಿನ ತಿಂಡಿ, ಮಾತ್ರೆ ನಂದು."

ಅಷ್ಟು ವರ್ಷ ನಾನು ಅವರನ್ನು ಮನಸ್ಸಿನಲ್ಲಿ ಏನೇನೋ ಅಂದುಕೊಂಡಿದ್ದೆ. ನಾಚಿಕೆಯಾಯಿತು. ಅಣ್ಣನೂ, "ಮಧ್ಯಾಹ್ನ ನಾನು ಬಂದು ಊಟ ಮಾಡಿಸ್ತೀನಿ. ತರಗುಪೇಟೆ ಏನು ದೂರಾನಾ" ಅಂದ. ಸಂಜೆ ಎಣ್ಣೆ ಹಚ್ಚುವುದು ತನ್ನದೆಂದು ಮಗು ಕೂಗಿತು. ಇನ್ನೊಂದು ಕ್ಯಾಲೆಂಡರ್ ಹಾಳೆ ತಂದು, ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದು, ಯಾರು ಯಾವಾಗ ಏನು ಮಾಡಬೇಕೆಂದು ಬರೆಯಲು ಕೂತಿತು. ಮೈಸೂರಿನಲ್ಲಿ ನನ್ನ ಕಿಟಕಿಯಿಂದ ಏನು ಕಾಣಬಹುದು ಅಂತ ನಾನು ಆಗಲೇ ಯೋಚಿಸುತ್ತಿದ್ದೆ. ಅಂಥ ಖುಷಿ ನನಗೆ ಆಮೇಲೆ ಯಾವತ್ತೂ ಆಗಿಲ್ಲ.

"ಸ್ನಾನ?" ಅಂದಳು ಅಮ್ಮ.

ಹಾಳೆಯಲ್ಲಿ ಸ್ನಾನ ಇರಲಿಲ್ಲ. ಬೇಕೆಂದೇ ಬರೆಸಿರಲಿಲ್ಲವೋ, ಮರೆತಿದ್ದೆನೋ, ಇವತ್ತಿಗೂ ಎದೆ ಮುಟ್ಟಿಕೊಂಡು ಹೇಳಲಾರೆ.

"ನಾನು ಮಾಡಿಸ್ತೀನಮ್ಮ," ಅಂದರು ಅತ್ತಿಗೆ. "ನಾನೂ ಹೆಂಗಸೇ ತಾನೆ. ನನ್ನ ಹತ್ರ ಏನು ನಾಚಿಕೆ?"

ಅಮ್ಮ ಕವಡೆಗಳನ್ನು ಬಲಗೈಯಲ್ಲಿ ಉರುಳಿಸುತ್ತಾ, "ಬೇಡಮ್ಮ, ನಿನಗೆ ಯಾಕೆ ತೊಂದ್ರೆ. ಮೂರು ತಿಂಗಳು ಸ್ನಾನ ಇಲ್ದಿದ್ರೆ ಸಾಯಲ್ಲ. ಒಂದು ಕೈ ಇದೆಯಲ್ಲ, ಒದ್ದೆ ಬಟ್ಟೇಲಿ ಒರೆಸ್ಕೋತೀನಿ. ನಂದೇನು ಲೆಕ್ಕ?" ಅಂದಳು. ನನ್ನ ಕಡೆ ತಿರುಗಿ, "ನೀನು ಹೋಗು" ಅಂದಳು. ಕೋಪವಿರಲಿಲ್ಲ, ಚುಚ್ಚುಮಾತಾಗಿಯೂ ಇರಲಿಲ್ಲ. ನಿಜವಾಗಿಯೇ ಹೇಳಿದಳು. ಅದೇ ನನ್ನನ್ನು ಕೊಂದದ್ದು.

ಮಗು ಆಟದ ಹಾಳೆಯನ್ನು ನೋಡಿ, ಅಜ್ಜಿಯನ್ನು ನೋಡಿ, "ಅತ್ತೆ, ಅಜ್ಜಿಗೆ ಮನೇನೇ ಬರ್ದಿಲ್ವಲ್ಲ" ಅಂತು.

ನ್ಯಾಯ ಕಲಿಸುವ ಆಟ ಮಾಡಿದ ಟೀಚರು ನಾನು. ಹೆತ್ತ ತಾಯಿಯ ಕೈಗೆ ಕವಡೆ ಕೊಟ್ಟು ಕೂರಿಸಿದ್ದೆ, ಊರಲ್ಲಿ ಅವಳಿಗೆ ಒಂದು ಮನೆ ಕೊಟ್ಟಿರಲಿಲ್ಲ. ಅವಳನ್ನು ಹೇಗೆ ಹಂಚಿಕೊಳ್ಳುವುದು ಎಂದು ನಾಲ್ಕು ಜನ ಅವಳ ಮುಂದೆಯೇ ಮಾತಾಡಿದೆವು. ನಿನಗೆ ಏನು ಬೇಕು ಅಂತ ಒಬ್ಬರೂ ಕೇಳಲಿಲ್ಲ. ಆದರೂ ನನಗೆ ಬಂದದ್ದು ಸಿಟ್ಟು. ನಮ್ಮ ಮನೆಯ ಹೆಂಗಸರಿಗೆ ಬರುವ ವಿದ್ಯೆ ಇದೊಂದೇ ಏನು, ತಟ್ಟೆಗೆ ವಾಪಸ್ಸು ಸುರಿಯುವುದು? ಬೇಡ ಅಂತ ಜಗಳವಾಡಿದ್ದರೆ ನಾನೂ ಜಗಳವಾಡಿ ಹೋಗಿಬಿಡುತ್ತಿದ್ದೆ. ಹೋಗು ಅಂದಳಲ್ಲ.

ಸೋಮವಾರದಿಂದ ನಾನು ಅಮ್ಮನ ಹಿಂದೆ ಬಿದ್ದೆ. ಗೋಗರೆದೆ, ಬೈದೆ. "ಅತ್ತಿಗೆ ಕೈಲಿ ಒಂದೇ ಒಂದು ದಿನ ಮಾಡಿಸ್ಕೊಂಡು ನೋಡು" ಅಂದೆ. ಎಲ್ಲದಕ್ಕೂ "ಆಯ್ತು, ನೋಡೋಣ" ಅನ್ನುತ್ತಿದ್ದಳು. ಮಂಗಳವಾರ ಅತ್ತಿಗೆ ನೀರು ಕಾಯಿಸಿ ಅವಳನ್ನು ಬಚ್ಚಲಿಗೆ ಕರೆದುಕೊಂಡು ಹೋದರು. ನಾನು ಬೇಕೆಂದೇ ಅಡಿಗೆಮನೆಯಲ್ಲಿ ನಿಂತಿದ್ದೆ. ನೀರಿನ ಸದ್ದೇ ಬರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಅತ್ತಿಗೆ ಹೊರಗೆ ಬಂದು, "ಸೆರಗು ಹಿಡ್ಕೊಂಡಿದಾರೆ, ಬಿಡ್ತಿಲ್ಲ. ಬಯ್ಯಲ್ಲ, ಏನೂ ಇಲ್ಲ. ಕಣ್ಣು ಮುಚ್ಕೊಂಡು ನಡುಗ್ತಿದಾರೆ. ನಂಗೆ ಬಲವಂತ ಮಾಡೋಕಾಗಲ್ಲ ಕಣೆ" ಅಂದರು. ಅವರ ಕಣ್ಣು ತುಂಬಿತ್ತು.

ಅಂದಿನಿಂದ ಅಮ್ಮ ನನ್ನ ಕೈಲೂ ಸ್ನಾನ ಬೇಡವೆಂದಳು. "ಅಭ್ಯಾಸ ಆಗ್ಲಿ ಬಿಡು" ಅಂದಳು. ಒದ್ದೆ ಬಟ್ಟೆ ಕೇಳಿ ತಗೊಂಡು, ಬಲಗೈ ಎಟುಕುವಷ್ಟು ಒರೆಸಿಕೊಂಡಳು. ಬಲಗೈ ಬಲಗೈಯನ್ನೇ ಒರೆಸಲಾರದು, ಬೆನ್ನಿಗೂ ಹೋಗುವುದಿಲ್ಲ. ಗುರುವಾರ ಸಂಜೆ ಎಣ್ಣೆ ಹಚ್ಚಲು ಹೋದಾಗ ವಾಸನೆ ಬಂತು. ದಿನಾ ಮಡಿಸೀರೆ ಉಟ್ಟು, ಯಾರ ಮುಂದೆಯೂ ತಲೆಗೂದಲು ಬಿಚ್ಚದೆ ಬಾಳಿದ ಹೆಂಗಸು. ನನಗೆ ಅದು ಗೊತ್ತಾಯಿತೆಂದು ಅವಳಿಗೂ ಗೊತ್ತಾಯಿತು. ಮುಖ ಗೋಡೆ ಕಡೆ ಮಾಡಿಕೊಂಡಳು.

ಶುಕ್ರವಾರ ಮಧ್ಯಾಹ್ನದಿಂದ ಶಾಲೆಗೆ ರಜೆ ಹಾಕಿದೆ. ಫಾರಂ ತುಂಬಿ ಬ್ಯಾಗಿನಲ್ಲಿಟ್ಟುಕೊಂಡಿದ್ದೆ. ಅಮ್ಮನಿಗೆ ಊಟ ಮಾಡಿಸಿ, ಎರಡೂವರೆಗೆ ಬಸ್ಸು ಹತ್ತಿದರೆ ಮೂರೂವರೆಗೆಲ್ಲ ಮಲ್ಲೇಶ್ವರ. ಅಮ್ಮ ಎರಡು ತುತ್ತು ಉಂಡು ಸಾಕು ಅಂದಳು. ನಾನು ಚಪ್ಪಲಿ ಮೆಟ್ಟಿದೆ. ಬಾಗಿಲ ತನಕ ಹೋದೆ. ಹೊರಗೆ ನೆರೆಮನೆಯಾಕೆ ಹಪ್ಪಳ ಒಣಹಾಕುತ್ತಾ, "ಎಲ್ಲಿಗೆ ಹೊರಟ್ರಿ ಟೀಚರ್?" ಅಂದರು. ಹೋಗಬಾರದು ಅಂತ ನನ್ನನ್ನು ಹಿಡಿದವರು ಯಾರೂ ಇರಲಿಲ್ಲ. ಬೀದಿ ಅಲ್ಲೇ ಇತ್ತು, ಬಿಸಿಲಲ್ಲಿ, ಖಾಲಿಯಾಗಿ.

ಒಳಗೆ ಬಂದು ಬಾಯ್ಲರಿಗೆ ಉರಿ ಹಾಕಿದೆ. ನೀರು ಕಾದ ಮೇಲೆ ಅಮ್ಮನ ತೋಳು ನನ್ನ ಕುತ್ತಿಗೆಗೆ ಹಾಕಿಕೊಂಡು ಎಬ್ಬಿಸಿದೆ. ಅವಳು ಬೇಡವೆನ್ನಲಿಲ್ಲ. ಬಚ್ಚಲಿನ ಸ್ಟೂಲಿನ ಮೇಲೆ ಕೂರಿಸಿ ಸೀರೆ ಬಿಚ್ಚಿದೆ. ಬೆನ್ನಿಗೆ ಎರಡು ಸಲ ಸೋಪು ಹಾಕಿ ಉಜ್ಜಿದೆ. ನನ್ನ ಕೈ ಸ್ವಲ್ಪ ಬಿರುಸಾಗಿಯೇ ಇತ್ತು, ಅವಳು ಸಹಿಸಿಕೊಂಡಳು. ನಡುಮನೆಯ ಗಡಿಯಾರ ನಾಲ್ಕು ಹೊಡೆಯಿತು. ಇಬ್ಬರಿಗೂ ಕೇಳಿಸಿತು.

"ನಾನೇನು ಹೋಗ್ಬೇಡ ಅನ್ಲಿಲ್ಲ," ಅಂದಳು ಅಮ್ಮ.

"ಇಲ್ಲಮ್ಮ, ಅನ್ಲಿಲ್ಲ," ಅಂದೆ. ಕಣ್ಣು ಮುಚ್ಕೋ ಎಂದು ಹೇಳಿ ತಲೆಗೆ ನೀರು ಹಾಕಿದೆ.